ಸಮುದ್ರತಳದ ಕೋರ್‌ನಲ್ಲಿ ಎರಡು ಜ್ವಾಲಾಮುಖಿ ಬೂದಿ ಪದರ: ಯಾವ ಸ್ಫೋಟದ್ದು ಅಂತ ಹೇಳೋದು ಹೇಗೆ?

ಕೆಸರುಕೋರ್ (ಪ್ರಶ್ನೆ)

ಈಶಾನ್ಯ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೋರ್ (ಕೊಳವೆ ಇಳಿಸಿ ಎತ್ತಿದ ಕೆಸರಿನ ಕಂಬ) ಇದು. ಬರಿಗಣ್ಣಿಗೆ ಕಾಣುವ ಎರಡು ತಿಳಿ ಬೂದುಬಣ್ಣದ ಪದರಗಳಿವೆ. ಮೇಲಿನದು ಸುಮಾರು 6 ಸೆಂ.ಮೀ. ದಪ್ಪ. ಬುಡ ಚಾಕುವಿನಲ್ಲಿ ಕೊಯ್ದ ಹಾಗಿದೆ, ತಲೆ ಮಾತ್ರ ಮೇಲಿನ ಕೆಸರಿನಲ್ಲಿ ಕಲಸಿಹೋಗಿದೆ. ಇನ್ನೊಂದು ತುಂಬಾ ಆಳದಲ್ಲಿದೆ, 2 ಸೆಂ.ಮೀ. ಇರಬಹುದು. ಇವೆರಡರ ನಡುವೆ ಒಂದು ಕಡೆ ಕಪ್ಪು ಎಳೆಯಂಥದ್ದೂ ಕಾಣುತ್ತದೆ. ಅದು ಬೂದಿಯೋ ಅಲ್ಲವೋ ತಿಳಿಯದು.

ಮೇಲಿನ ಪದರದ ಸ್ವಲ್ಪ ಭಾಗವನ್ನು ಪುಡಿ ಮಾಡಿ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತುಗಳ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿಸಿದ್ದಾಗಿದೆ. ಸಿಲಿಕಾ ಶೇ. 66, ಕ್ಯಾಲ್ಸಿಯಂ ಆಕ್ಸೈಡ್ ಶೇ. 8ರ ಆಸುಪಾಸು ಬಂದಿದೆ. ಸೂಕ್ಷ್ಮದರ್ಶಕದಲ್ಲಿ ಒಡೆದ ಗುಳ್ಳೆಯ ಗೋಡೆಯಂಥ ಬಾಗಿದ ಗಾಜಿನ ಚೂರುಗಳು ತುಂಬಾ ಇವೆ. ನೋಡಿದವರೆಲ್ಲ "ಟೋಬಾ, ಇನ್ನೇನು" ಅಂತಾರೆ, ಅಂದರೆ ಇಂಡೋನೇಷ್ಯಾದ ಸುಮಾತ್ರದ ಆ ಮಹಾಜ್ವಾಲಾಮುಖಿ. ಆದರೆ ಟೋಬಾದ ಪ್ರಕಟಿತ ಅಂಕಿಗಳಲ್ಲಿ ಕ್ಯಾಲ್ಸಿಯಂ ಶೇ. 1ನ್ನೂ ಮುಟ್ಟುವುದಿಲ್ಲ.

ಕೇಳಬೇಕಾದ್ದು ಇಷ್ಟು. ಈ ಎಕ್ಸ್‌ಆರ್‌ಎಫ್ ಫಲಿತಾಂಶ ಏನಾದರೂ ಉಪಯೋಗಕ್ಕೆ ಬರುತ್ತದೆಯೇ? ಗಾಜನ್ನಷ್ಟೇ ಬೇರ್ಪಡಿಸುವ ಕ್ರಮ ಏನು? ಟೋಬಾ ಅಂತಲೇ ಆದರೂ ಅದು ಒಂದಲ್ಲ, ಹಲವು ಸಲ ಸಿಡಿದಿದೆಯಲ್ಲ, ಯಾವ ಸಲದ್ದು ಅಂತ ಹೇಳಲು ಏನೇನು ಬೇಕು?

---

ಚೂರುಗಾಜು

ಎಕ್ಸ್‌ಆರ್‌ಎಫ್ ಹಾಳೆಯನ್ನು ಪಕ್ಕಕ್ಕಿಡಿ. ಆ ಕ್ಯಾಲ್ಸಿಯಂ ಜ್ವಾಲಾಮುಖಿಯಿಂದ ಬಂದದ್ದಲ್ಲ, ಫೊರಾಮಿನಿಫೆರಾ ಎಂಬ ಸೂಕ್ಷ್ಮ ಸಮುದ್ರಜೀವಿಗಳ ಚಿಪ್ಪಿನದು. ಇಡೀ ಪದರವನ್ನು ಪುಡಿ ಮಾಡಿದರೆ ಗಾಜು, ಚಿಪ್ಪು, ಜೇಡಿ, ಗಾಳಿ ತಂದ ಧೂಳು ಎಲ್ಲದರ ಸರಾಸರಿ ಸಿಗುತ್ತದೆ. ಚಿಪ್ಪೇ ಇಲ್ಲದಿದ್ದರೂ ತೊಂದರೆ ತಪ್ಪದು. ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್‌ನಂಥ ಭಾರದ ಹರಳುಗಳು ಜ್ವಾಲಾಮುಖಿಯ ಹತ್ತಿರವೇ ಉದುರುತ್ತವೆ, ತೆಳು ಗಾಜು ಸಾವಿರಾರು ಕಿ.ಮೀ. ತೇಲಿ ಹೋಗುತ್ತದೆ. ಹಾಗಾಗಿ ಒಂದೇ ಸ್ಫೋಟದ ಬೂದಿಯ ಒಟ್ಟು ಸಂಯೋಜನೆ ದೂರ ಹೋದಂತೆ ತಾನಾಗಿಯೇ ಬದಲಾಗುತ್ತದೆ. ಹೋಲಿಸಬೇಕಾದ್ದು ಗಾಜನ್ನು ಗಾಜಿನೊಂದಿಗೆ, ಅದೂ ಒಂದೊಂದೇ ಚೂರನ್ನು. ಹಳೆಯ ಪ್ರಬಂಧಗಳಲ್ಲಿ ಜ್ವಾಲಾಮುಖಿಯ ಬುಡದ ಬಂಡೆಗೆ ಕೊಟ್ಟ ಅಂಕಿಗಳು ಬಹುಪಾಲು ಇಡೀ ಬಂಡೆಯವು. ಅವನ್ನು ನಿಮ್ಮ ಗಾಜಿನ ಅಂಕಿಯ ಪಕ್ಕ ಇಡಬೇಡಿ.

ಬೇರ್ಪಡಿಸುವ ಕ್ರಮ:

ಕೋರ್‌ನ ಹೊರಮೈಯನ್ನು ಕೆಲವು ಮಿ.ಮೀ. ಕೆರೆದು ಎಸೆಯಿರಿ. ಕೊಳವೆ ಇಳಿಯುವಾಗ ಮೇಲಿನ ಬೂದಿ ಅಂಚಿನುದ್ದಕ್ಕೂ ಕೆಳಗೆ ಎಳೆದುಕೊಂಡು ಹೋಗಿರುತ್ತದೆ. 6 ಸೆಂ.ಮೀ. ಪದರದಿಂದ ಒಂದೇ ಮಾದರಿ ತೆಗೆಯಬೇಡಿ. ಬುಡ, ನಡು, ತಲೆ ಮೂರನ್ನೂ ಬೇರೆ ಬೇರೆ ತೆಗೆಯಿರಿ, ಒಂದೊಂದು 1–2 ಗ್ರಾಂ ಸಾಕು. ಬುಡದ್ದೇ ಮುಖ್ಯ ಮಾದರಿ.

ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೊರೆ ನಿಲ್ಲುವ ತನಕ ಮಾತ್ರ ಇಡಿ. ಆಮೇಲೆ ಅಯಾನುರಹಿತ ನೀರಿನಲ್ಲಿ ಕನಿಷ್ಠ ಮೂರು ಸಲ ತೊಳೆಯಿರಿ. ಈ ತೊಳೆಯುವಿಕೆಯಲ್ಲಿ ಅವಸರ ಮಾಡಿದರೆ ಮುಂದೆ ಕೆಲಸ ಕೆಡುತ್ತದೆ: ಕಣಗಳನ್ನು ತೇಲಿಸಿ ಬೇರ್ಪಡಿಸಲು ಬಳಸುವ ಭಾರದ ದ್ರಾವಣ ಸೋಡಿಯಂ ಪಾಲಿಟಂಗ್‌ಸ್ಟೇಟ್‌ಗೆ ಕ್ಯಾಲ್ಸಿಯಂ ಆಗಿಬರುವುದಿಲ್ಲ, ಎರಡೂ ಕೂಡಿದರೆ ಕರಗದ ಬಿಳಿ ಗಸಿ ಕಟ್ಟುತ್ತದೆ. ಆ ಗಸಿ ಚೂರುಗಳಿಗೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ನಲ್ಲಿ ನೀರು ಬೇಡವೇ ಬೇಡ. ಲೋಹದ ಪಾತ್ರೆ, ಚಮಚವನ್ನೂ ದೂರವಿಡಿ, ಲೋಹ ತಾಗಿದರೆ ದ್ರಾವಣ ನೀಲಿಯಾಗುತ್ತದೆ.

ಜರಡಿಗೆ 125 ಮತ್ತು 25 ಮೈಕ್ರಾನ್ ನೈಲಾನ್ ಬಟ್ಟೆ ಬಳಸಿ, ಪ್ರತಿ ಮಾದರಿಗೂ ಹೊಸ ತುಂಡು. ಜೇಡಿ ಅಂಟಿದ್ದರೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಸ್ವಲ್ಪವೇ ಹೊತ್ತು ಇಡಿ. ಹೆಚ್ಚು ಹೊತ್ತಾದರೆ ತೆಳು ಚೂರುಗಳೇ ಮುರಿದು 25ರ ಜರಡಿಯಿಂದ ಜಾರಿಹೋಗುತ್ತವೆ.

ಸಾಂದ್ರತೆಯಿಂದ ಬೇರ್ಪಡಿಸುವುದು ಎರಡು ಹಂತದಲ್ಲಿ. ಮೊದಲು 2.0 ಗ್ರಾಂ/ಸಿಸಿ ದ್ರಾವಣ, ನಿಮಿಷಕ್ಕೆ 2500 ಸುತ್ತು, 15 ನಿಮಿಷ ಸೆಂಟ್ರಿಫ್ಯೂಜ್. ತೇಲಿದ್ದು ಡಯಾಟಮ್ (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿ), ಜೈವಿಕ ಕಸ. ಮುಳುಗಿದ್ದನ್ನು 2.5ರ ದ್ರಾವಣಕ್ಕೆ ಹಾಕಿ ಅದೇ ರೀತಿ ತಿರುಗಿಸಿ. ಈಗ ತೇಲಿದ್ದರಲ್ಲಿ ರಯೋಲೈಟ್ (ಸಿಲಿಕಾ ಹೆಚ್ಚಿರುವ ಶಿಲಾರಸ) ಗಾಜು ಇರುತ್ತದೆ, ಅದರ ಸಾಂದ್ರತೆ 2.3–2.4. ಕ್ವಾರ್ಟ್ಸ್ 2.65, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ 2.56, ಹಾಗಾಗಿ ಎರಡೂ ಮುಳುಗುತ್ತವೆ. ಪ್ರತಿ ದಿನ ದ್ರಾವಣದ 10 ಮಿ.ಲೀ. ತೂಗಿ ನೋಡಿ, 25.0 ಗ್ರಾಂ ಬರಬೇಕು. ನೀರು ಆವಿಯಾಗಿ 2.57ಕ್ಕೆ ಏರಿದರೆ ಫೆಲ್ಡ್‌ಸ್ಪಾರ್ ಕೂಡ ತೇಲುತ್ತದೆ.

ಜನ ಎಡವುವ ಜಾಗ ಎರಡು. ಮುಚ್ಚಿದ ಗುಳ್ಳೆಗಳಿರುವ ಪ್ಯೂಮಿಸ್ ಚೂರುಗಳು ಮೊದಲ ಹಂತದಲ್ಲೇ, 2.0ರಲ್ಲೇ ತೇಲಿ ಕಸದ ಜೊತೆ ಹೋಗುತ್ತವೆ. ಆ ಕಸವನ್ನೂ ಒಂದು ಸ್ಲೈಡ್‌ ಮೇಲೆ ನೋಡದೆ ಚೆಲ್ಲಬೇಡಿ. ಎರಡನೆಯದು, ಟಂಗ್‌ಸ್ಟೇಟ್ ದುಬಾರಿ ಅಂತ ಸೋಸಿ ಮತ್ತೆ ಬಳಸುತ್ತೇವೆ. ಸೋಸಿಕೆ ಸರಿಯಿಲ್ಲದಿದ್ದರೆ ಹಿಂದಿನ ಮಾದರಿಯ ಗಾಜು ಮುಂದಿನದರಲ್ಲಿ ಪ್ರತ್ಯಕ್ಷ! ಪ್ರತಿ ಗುಂಪಿನ ಜೊತೆ ಏನೂ ಹಾಕದ ಒಂದು ಖಾಲಿ ನಳಿಕೆಯನ್ನೂ ಎಲ್ಲ ಹಂತಗಳಲ್ಲಿ ಹಾಯಿಸಿ.

---

ಪ್ರೋಬ್‌ಕೋಣೆ

ಮೇಲಿನದಕ್ಕೆ ಒಂದು ಸೇರ್ಪಡೆ, ಆಮೇಲೆ ವಿಶ್ಲೇಷಣೆಯ ಮಾತು.

ಸೂಕ್ಷ್ಮದರ್ಶಕದ ಅಡ್ಡ ಧ್ರುವಕಗಳ (ಒಂದಕ್ಕೊಂದು ಅಡ್ಡವಾಗಿಟ್ಟು ಬೆಳಕು ಸೋಸುವ ಎರಡು ಫಲಕ) ನಡುವೆ ಕಪ್ಪಾಗಿ ಕಂಡದ್ದೆಲ್ಲ ಜ್ವಾಲಾಮುಖಿ ಗಾಜಲ್ಲ. ಡಯಾಟಮ್ ಚೂರು, ಸ್ಪಾಂಜಿನ ಸೂಜಿ, ಸಸ್ಯಗಳ ಫೈಟೋಲಿತ್ (ಸಿಲಿಕಾ ಕಣ) ಎಲ್ಲವೂ ಓಪಲ್, ಅಂದರೆ ನೀರು ಬೆರೆತ ಸಿಲಿಕಾ, ಎಲ್ಲವೂ ಕಪ್ಪಾಗುತ್ತವೆ. ಓಪಲ್‌ನ ವಕ್ರೀಭವನ ಸೂಚ್ಯಂಕ 1.41–1.47, ರಯೋಲೈಟ್ ಗಾಜಿನದು 1.50ರ ಸುತ್ತ. ಸ್ಲೈಡ್‌ಗೆ ಬಳಸುವ ಅಂಟು ಕೆನಡಾ ಬಾಲ್ಸಂ 1.54 ಇರುವುದರಿಂದ ಅದರಲ್ಲಿ ಬೆಕೆ ರೇಖೆ (ಚೂರಿನ ಅಂಚಿನಲ್ಲಿ ಕಾಣುವ ಹೊಳೆವ ಗೆರೆ) ಎರಡಕ್ಕೂ ಹೊರಗಡೆಗೇ ಸರಿಯುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಗ್ಲಿಸರಿನ್‌ನಲ್ಲಿ ಹಾಕಿ ನೋಡಿ, ಸೂಚ್ಯಂಕ 1.47. ಮಸೂರವನ್ನು ಮೇಲೆತ್ತಿದಾಗ ರೇಖೆ ಚೂರಿನ ಒಳಗೆ ಸರಿದರೆ ಗಾಜು, ಹೊರಗೆ ಸರಿದರೆ ಓಪಲ್. ಎರಡು ನಿಮಿಷದ ಕೆಲಸ.

ಇನ್ನು ಮೈಕ್ರೋಪ್ರೋಬ್, ಅಂದರೆ ಒಂದೊಂದೇ ಚೂರಿನ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು ಧಾತುಗಳನ್ನು ಅಳೆಯುವ ಯಂತ್ರ. ಚೂರುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ ಹೊಳಪು ಕೊಡಬೇಕು, ಕೊನೆಗೆ 1 ಮೈಕ್ರಾನ್, ಆಮೇಲೆ 0.25 ಮೈಕ್ರಾನ್ ವಜ್ರದ ಪೇಸ್ಟ್. ಅಲ್ಯೂಮಿನಾ ಪುಡಿ ಬೇಡ, ಗುಳ್ಳೆಗಳಲ್ಲಿ ಸಿಕ್ಕಿಕೊಂಡು ಅಲ್ಯೂಮಿನಿಯಂ ಅಂಕಿಯನ್ನು ಏರಿಸುತ್ತದೆ. ಗುಳ್ಳೆಗೋಡೆಯ ಚೂರು ಕೆಲವೇ ಮೈಕ್ರಾನ್ ದಪ್ಪ ಇರಬಹುದು, ಆದ್ದರಿಂದ ಉಜ್ಜುತ್ತಾ ಆಗಾಗ ನಿಲ್ಲಿಸಿ ಪ್ರತಿಫಲಿತ ಬೆಳಕಿನಲ್ಲಿ ನೋಡಿ. ಅತಿಯಾಗಿ ಉಜ್ಜಿದರೆ ಉಳಿಯುವುದು ಬರೀ ಎಪಾಕ್ಸಿ.

15 ಕಿಲೋವೋಲ್ಟ್. ದೊಡ್ಡ ಚೂರಿಗೆ 10 ಮೈಕ್ರಾನ್ ಅಗಲದ ಕಿರಣ, 6 ನ್ಯಾನೋಆಂಪಿಯರ್. 5 ಮೈಕ್ರಾನ್‌ಗೆ ಇಳಿಸಿದರೆ ವಿದ್ಯುತ್ತನ್ನೂ 1–2 ನ್ಯಾನೋಆಂಪಿಯರ್‌ಗೆ ಇಳಿಸಲೇಬೇಕು. ಕಾರಣ ಸೋಡಿಯಂ. ನೀರು ಕುಡಿದ ರಯೋಲೈಟ್ ಗಾಜಿನ ಮೇಲೆ ಕಿರಣ ಬಿದ್ದೊಡನೆ ಸೋಡಿಯಂ ಅಲ್ಲಿಂದ ಓಡುತ್ತದೆ, ಸಿಲಿಕಾ ಮತ್ತು ಅಲ್ಯೂಮಿನಾ ಸುಳ್ಳು ಸುಳ್ಳೇ ಏರುತ್ತವೆ. ಸೋಡಿಯಂ ಎಣಿಕೆ ಮೊದಲ ಸರದಿಯಲ್ಲೇ ಬರಲಿ. ನಡುನಡುವೆ ಲಿಪಾರಿ ಆಬ್ಸಿಡಿಯನ್ (ಸಂಯೋಜನೆ ಗೊತ್ತಿರುವ ಮಾನಕ ಗಾಜು) ಅಳೆಯಿರಿ. ಅದರಲ್ಲಿ ಸೋಡಿಯಂ ಆಕ್ಸೈಡ್ 4.1, ಪೊಟ್ಯಾಸಿಯಂ ಆಕ್ಸೈಡ್ 5.1ರ ಹತ್ತಿರ ಬರಬೇಕು. ಸೋಡಿಯಂ 3.7 ತೋರಿಸಿದರೆ ನಿಮ್ಮ ಮಾದರಿಯ ಅಂಕಿಗಳನ್ನು ನೋಡುವುದೇ ಬೇಡ, ಮೊದಲು ಯಂತ್ರವನ್ನು ಸರಿಪಡಿಸಿ. ಲಿಪಾರಿಯ ಅಂಕಿಗಳನ್ನು ಕೊಡದ ಪ್ರಬಂಧದ ದತ್ತಾಂಶದ ಮೇಲೆ ನನಗಂತೂ ಭರವಸೆ ಕಡಿಮೆ.

ಒಟ್ಟು ಮೊತ್ತ 100 ಬರುವುದಿಲ್ಲ, ಹೆದರಬೇಡಿ. ಗಾಜು ಕಾಲಕ್ರಮೇಣ ನೀರು ಹೀರುತ್ತದೆ, ಪ್ರೋಬ್ ನೀರನ್ನು ಅಳೆಯುವುದಿಲ್ಲ. ಮೊತ್ತ 94–97 ಇದ್ದು ಸೋಡಿಯಂ ಸರಿಯಾಗಿದ್ದರೆ ಅದು ನೀರು. ಮೊತ್ತ ಕಡಿಮೆ, ಸೋಡಿಯಂ ಉಳಿದವಕ್ಕಿಂತ ಹೆಚ್ಚು ಕುಸಿದಿದೆ ಅಂದರೆ ಕಿರಣದ ಪೆಟ್ಟು. ಎಲ್ಲ ಆಕ್ಸೈಡ್‌ಗಳೂ ಒಂದೇ ಪ್ರಮಾಣದಲ್ಲಿ ಇಳಿದು ಮೊತ್ತ 85ಕ್ಕೆ ಬಂದಿದ್ದರೆ ಕಿರಣ ಅರ್ಧ ಎಪಾಕ್ಸಿಯ ಮೇಲೆ ಬಿದ್ದಿದೆ. ಅಲ್ಯೂಮಿನಾ, ಕ್ಯಾಲ್ಸಿಯಂ ಒಟ್ಟಿಗೇ ಏರಿದ್ದರೆ ಒಳಗೆ ಫೆಲ್ಡ್‌ಸ್ಪಾರ್ ಸೂಜಿ, ಕಬ್ಬಿಣ ಮತ್ತು ಟೈಟಾನಿಯಂ ಏರಿದ್ದರೆ ಆಕ್ಸೈಡ್ ಹರಳು. ಅಂಥವನ್ನು ತೆಗೆದುಹಾಕಿ, ಉಳಿದದ್ದನ್ನು ನೀರು ಬಿಟ್ಟು 100ಕ್ಕೆ ಹೊಂದಿಸಿ. ಮೂಲ ಮೊತ್ತವನ್ನೂ ಜೊತೆಗೆ ಕೊಡಿ. ಪದರಕ್ಕೆ 30 ಚೂರು ಇರಲಿ. ಸರಾಸರಿ ತೆಗೆದು ಒಂದೇ ಚುಕ್ಕೆ ಹಾಕಬೇಡಿ, ಪ್ರತಿ ಚೂರಿಗೂ ಒಂದು ಚುಕ್ಕೆ. ಎರಡು ಗುಂಪು ಇದ್ದರೆ ಸರಾಸರಿ ಎರಡರ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ, ಅಲ್ಲಿ ಯಾವ ಗಾಜೂ ಇರುವುದಿಲ್ಲ.

ಟೋಬಾದ ಕೊನೆಯ ಮಹಾಸ್ಫೋಟದ ಗಾಜು ಆದರೆ ಸಿಲಿಕಾ ಸುಮಾರು 77, ಅಲ್ಯೂಮಿನಾ 12.5, ಪೊಟ್ಯಾಸಿಯಂ ಆಕ್ಸೈಡ್ 5, ಸೋಡಿಯಂ ಆಕ್ಸೈಡ್ 3ಕ್ಕಿಂತ ಸ್ವಲ್ಪ ಮೇಲೆ, ಕಬ್ಬಿಣ 0.9ರ ಆಸುಪಾಸು, ಕ್ಯಾಲ್ಸಿಯಂ 0.8ರ ಆಸುಪಾಸು ಬರುತ್ತದೆ. ನಿಮ್ಮದೂ ಇಲ್ಲೇ ಬಿದ್ದರೆ ಸಂತೋಷ, ಆದರೆ ಕೆಲಸ ಅರ್ಧ ಮಾತ್ರ ಮುಗಿದಿದೆ.

---

ತಳಪದರ

ಉಳಿದ ಅರ್ಧವೇ ನಿಜವಾದ ತಲೆನೋವು. ಟೋಬಾದ ದೊಡ್ಡ ಸ್ಫೋಟಗಳು ನಾಲ್ಕು: ಸುಮಾರು 12 ಲಕ್ಷ, 7.9 ಲಕ್ಷ, 5 ಲಕ್ಷ ಮತ್ತು 74 ಸಾವಿರ ವರ್ಷಗಳ ಹಿಂದೆ. ಇವುಗಳಲ್ಲಿ 7.9 ಲಕ್ಷದ್ದೂ 74 ಸಾವಿರದ್ದೂ ಮುಖ್ಯ ಧಾತುಗಳಲ್ಲಿ ಒಂದರ ಮೇಲೊಂದು ಕೂರುತ್ತವೆ. ಪ್ರೋಬ್ ಅಂಕಿ ಹೊಂದಿತು ಅಂದರೆ ಜ್ವಾಲಾಮುಖಿ ಸಿಕ್ಕಿತು ಅಂತಷ್ಟೇ ಅರ್ಥ, ಸ್ಫೋಟ ಸಿಕ್ಕಲಿಲ್ಲ. ನಿಮ್ಮ ಕೋರ್‌ನಲ್ಲಿ ಎರಡೂ ಪದರ ಟೋಬಾದ್ದೇ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಪ್ರೋಬ್ ಅವೆರಡೂ ಒಂದೇ ಅಂತ ಹೇಳಿದರೂ ಅಚ್ಚರಿಪಡಬೇಡಿ.

ಬೇರ್ಪಡಿಸಲು ಮೂರು ದಾರಿಗಳಿವೆ.

ಅಗ್ಗದ್ದು ಬಯೋಟೈಟ್. ಬೂದಿಯಲ್ಲಿ ಕಂದು ಅಭ್ರಕದ ತೆಳು ಹಾಳೆಗಳಿದ್ದರೆ ಅವುಗಳ ಕಬ್ಬಿಣ ಮತ್ತು ಮೆಗ್ನೀಸಿಯಂ ಅನುಪಾತ 74 ಸಾವಿರದ ಸ್ಫೋಟವನ್ನು ಹಳೆಯವುಗಳಿಂದ ಬೇರೆ ಮಾಡುತ್ತದೆ. ಅದೇ ಪ್ರೋಬ್ ಸಾಕು. ಹಾಳೆಯಾಕಾರದ್ದಾದ್ದರಿಂದ ಬಯೋಟೈಟ್ ಭಾರವಾಗಿದ್ದರೂ ಗಾಳಿಯಲ್ಲಿ ದೂರ ಹೋಗುತ್ತದೆ. 2.5ರಲ್ಲಿ ಮುಳುಗಿದ ಭಾಗವನ್ನು ಎಸೆದಿದ್ದರೆ ಮಾತ್ರ ಈ ದಾರಿ ಮುಚ್ಚಿತು.

ಎರಡನೆಯದು ಜಾಡು ಧಾತುಗಳು: ರುಬಿಡಿಯಂ, ಸ್ಟ್ರಾನ್ಷಿಯಂ, ಬೇರಿಯಂ, ಇಟ್ರಿಯಂ, ಜಿರ್ಕೋನಿಯಂ, ಥೋರಿಯಂ. ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್ (ಲೇಸರ್‌ನಿಂದ ಚೂರನ್ನು ಆವಿ ಮಾಡಿ ಅತಿ ಕಡಿಮೆ ಪ್ರಮಾಣದ ಧಾತುಗಳನ್ನೂ ಅಳೆಯುವ ಯಂತ್ರ) ಬೇಕು. ಕೊನೆಯ ಟೋಬಾದ ಗಾಜು ಮುಖ್ಯ ಧಾತುಗಳಲ್ಲಿ ಏಕರೂಪವಾಗಿ ಕಂಡರೂ ಬೇರಿಯಂನಲ್ಲಿ ಒಂದಲ್ಲ, ಹಲವು ಗುಂಪುಗಳಾಗಿ ಒಡೆಯುತ್ತದೆ. ಒಂದೇ ದೊಡ್ಡ ಶಿಲಾರಸದ ಕೊಳದ ಬೇರೆ ಬೇರೆ ಭಾಗಗಳವು. ಈ ಗುಂಪುಗಳ ವಿನ್ಯಾಸವೇ ಅದರ ಗುರುತು. ಹಾಗಾಗಿ ಇಲ್ಲಿ ಐದಾರು ಚೂರು ಸಾಲದು, ಚೂರುಗಳು ಕಡಿಮೆಯಾದರೆ ಗುಂಪುಗಳೇ ಕಾಣುವುದಿಲ್ಲ.

ಮೂರನೆಯದು ಪದರ ಇರುವ ಜಾಗ. ಇದನ್ನು ರಸಾಯನಶಾಸ್ತ್ರದವರು ಕಡೆಗಣಿಸುವುದು ನನಗೆ ಅರ್ಥವಾಗದ ಸಂಗತಿ. ಸಮುದ್ರದ ಕೋರ್ ಅಂದರೆ ಆಮ್ಲಜನಕ ಐಸೊಟೋಪ್ ವಕ್ರರೇಖೆ (ಚಿಪ್ಪುಗಳಿಂದ ಸಿಗುವ, ಹಿಮಯುಗಗಳ ಏರಿಳಿತದ ದಾಖಲೆ; ಅದನ್ನು ಹಂತಗಳಾಗಿ ಎಣಿಸುತ್ತಾರೆ) ನಿಮ್ಮ ಕೈಯಲ್ಲೇ ಇದೆ. 74 ಸಾವಿರದ ಬೂದಿ ಐಸೊಟೋಪ್ ಹಂತ 5 ಮುಗಿದು 4 ಶುರುವಾಗುವ ಹೊತ್ತಿಗೆ ಬೀಳುತ್ತದೆ. 7.9 ಲಕ್ಷದ್ದು ಭೂಕಾಂತಕ್ಷೇತ್ರ ಕೊನೆಯ ಸಲ ತಿರುವುಮುರುವಾದ ಮಟುಯಾಮಾ–ಬ್ರುನ್ಹೆಸ್ ಗಡಿಯ ತುಸು ಕೆಳಗೆ ಕೂರುತ್ತದೆ, ಆ ಗಡಿ ಸುಮಾರು 7.73 ಲಕ್ಷ ವರ್ಷ ಹಳೆಯದು. ನಿಮ್ಮ ಆಳದ ಪದರ ಕಾಂತಧ್ರುವ ಬದಲಾಗುವ ಜಾಗದ ಕೆಳಗೇ ಇದ್ದರೆ ಅದು ಐದು ಲಕ್ಷದ್ದು ಆಗಲು ಸಾಧ್ಯವಿಲ್ಲ. ರೇಡಿಯೋಕಾರ್ಬನ್‌ಗೆ ದುಡ್ಡು ಹಾಳು ಮಾಡಬೇಡಿ. ಅದರ ಮಿತಿ 50 ಸಾವಿರ ವರ್ಷ. ಬೂದಿಯ ಪಕ್ಕದ ಕೆಸರಿಗೆ 42 ಸಾವಿರ ಅಂತ ಬಂದರೆ ಅದರಲ್ಲಿ ಹೊಸ ಇಂಗಾಲ ಸೇರಿರುವ ಸಾಧ್ಯತೆಯೇ ಹೆಚ್ಚು.

ನೇರ ಕಾಲಮಾಪನಕ್ಕೆ ಸ್ಯಾನಿಡಿನ್ (ಒಂದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್) ಹರಳಿನ ಆರ್ಗಾನ್–ಆರ್ಗಾನ್ ವಿಧಾನ ಇದೆ, ಪೊಟ್ಯಾಸಿಯಂ ಕ್ಷಯಿಸಿ ಹುಟ್ಟಿದ ಆರ್ಗಾನ್‌ನಿಂದ ವಯಸ್ಸು ತಿಳಿಯುವುದು. ಒಂದೊಂದೇ ಹರಳು ಕರಗಿಸಿ ಮಾಡಿದರೆ ಒಳ್ಳೆಯದು. ಗುಂಪಾಗಿ ಕರಗಿಸಿದರೆ ಹಳೆಯ ಬಂಡೆಯ ಒಂದೆರಡು ಕಣ ಸೇರಿದರೂ ವಯಸ್ಸು ಎಲ್ಲಿಗೋ ಏರುತ್ತದೆ. ಮಹಾರಾಷ್ಟ್ರದಲ್ಲಿ ಕುಕಡಿ ನದಿಯ ದಂಡೆಯ ಬೋರಿ ಬೂದಿಯ ಕಥೆ ನೋಡಿ: ಪೊಟ್ಯಾಸಿಯಂ–ಆರ್ಗಾನ್ ಸುಮಾರು 14 ಲಕ್ಷ ಅಂದಿತು, ಆರ್ಗಾನ್–ಆರ್ಗಾನ್ ಸುಮಾರು 6.7 ಲಕ್ಷ ಅಂದಿತು, ಗಾಜಿನ ರಸಾಯನ ನೋಡಿದವರು 74 ಸಾವಿರದ್ದೇ ಅಂತ ವಾದಿಸಿದರು. ಬೂದಿಯ ಜೊತೆ ಸಿಕ್ಕಿದ ಕಲ್ಲಿನ ಆಯುಧಗಳ ವಯಸ್ಸೂ ಇದರ ಮೇಲೇ ನಿಂತಿರುವುದರಿಂದ ಜಗಳ ಭೂವಿಜ್ಞಾನಿಗಳಷ್ಟಕ್ಕೇ ಉಳಿಯಲಿಲ್ಲ.

ದಪ್ಪದ ಬಗ್ಗೆ ಒಂದು ಮಾತು. 6 ಸೆಂ.ಮೀ. ಅಂದಮಾತ್ರಕ್ಕೆ ಆಕಾಶದಿಂದ 6 ಸೆಂ.ಮೀ. ಬಿತ್ತು ಅಂತ ಲೆಕ್ಕ ಹಾಕಬೇಡಿ. ಆಂಧ್ರದ ನಂದ್ಯಾಲ ಜಿಲ್ಲೆಯ (2022ರ ತನಕ ಕರ್ನೂಲು ಜಿಲ್ಲೆ) ಜ್ವಾಲಾಪುರಂನಲ್ಲಿ ಟೋಬಾ ಬೂದಿ ಮೀಟರುಗಟ್ಟಲೆ ಇದೆ, ನೇರವಾಗಿ ಬಿದ್ದದ್ದು ಬುಡದ ಕೆಲವೇ ಸೆಂ.ಮೀ., ಉಳಿದದ್ದು ಮಳೆನೀರು ಸುತ್ತಲಿಂದ ತೊಳೆದು ತಂದದ್ದು. ದೂರಕ್ಕೆ ಹೋದಂತೆ ದಪ್ಪ ಇಳಿಯುತ್ತಲೇ ಹೋಗಬೇಕು ಅಂತಲೂ ಇಲ್ಲ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಸುಮಾರು 300 ಕಿ.ಮೀ. ದೂರದ ರಿಟ್ಜ್‌ವಿಲ್ ಸುತ್ತ ಬೂದಿ ಮತ್ತೆ ದಪ್ಪವಾಯಿತು. ಸಣ್ಣ ಕಣಗಳು ಗಾಳಿಯಲ್ಲೇ ಒಂದಕ್ಕೊಂದು ಅಂಟಿ ಬೇಗ ಉದುರಿದ್ದು ಕಾರಣ.

---

ಕೆಸರುಕೋರ್

ತುಂಬಾ ಉಪಯೋಗವಾಯಿತು. ಪ್ರೋಬ್ ಆಗಿದೆ. ಮೇಲಿನ ಪದರದ ಗಾಜು ಮತ್ತು ಪ್ರಕಟಿತ ಟೋಬಾ ಗಾಜಿನ ನಡುವೆ ಸಾಮ್ಯ ಗುಣಾಂಕ 0.97 ಬರುತ್ತಿದೆ. 0.95 ದಾಟಿದರೆ ಒಂದೇ ಅಂತ ಕೆಲವು ಕಡೆ ಬರೆದಿದೆ. ಇಷ್ಟು ಸಾಕೇ? ಲೇಸರ್ ಯಂತ್ರದ ಸಮಯ ಸಿಗುವುದು ಕಷ್ಟ.

---

ಪ್ರೋಬ್‌ಕೋಣೆ

ಸಾಲದು. ಸಾಮ್ಯ ಗುಣಾಂಕ ಅಂದರೆ ಪ್ರತಿ ಆಕ್ಸೈಡ್‌ಗೂ ಚಿಕ್ಕ ಅಂಕಿಯನ್ನು ದೊಡ್ಡ ಅಂಕಿಯಿಂದ ಭಾಗಿಸಿ, ಸಿಕ್ಕಿದ್ದರ ಸರಾಸರಿ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ಒಂದು ಗಾಜಿನಲ್ಲಿ ಸಿಲಿಕಾ 77.2, ಅಲ್ಯೂಮಿನಾ 12.5, ಕಬ್ಬಿಣ 0.9, ಕ್ಯಾಲ್ಸಿಯಂ 0.8, ಸೋಡಿಯಂ 3.2, ಪೊಟ್ಯಾಸಿಯಂ 5.0. ಇನ್ನೊಂದರಲ್ಲಿ ಅದೇ ಕ್ರಮದಲ್ಲಿ 76.8, 12.7, 1.0, 0.9, 3.4, 4.8. ಭಾಗಲಬ್ಧಗಳು 0.995, 0.984, 0.90, 0.889, 0.941, 0.96, ಸರಾಸರಿ 0.945. 0.95ರ ಹೊಸ್ತಿಲಲ್ಲೇ ನಿಂತಿತು! ಆದರೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಶೇ. 10ಕ್ಕಿಂತ ಹೆಚ್ಚೇ ಬೇರೆ. ಪದರದೊಳಗಿನ ಹರವು ಕಿರಿದಾಗಿದ್ದರೆ ಇವೆರಡು ಖಂಡಿತ ಬೇರೆ ಬೇರೆ ಬೂದಿಗಳು. ಸಿಲಿಕಾ 76–78 ಇರುವ ರಯೋಲೈಟ್‌ಗಳಲ್ಲಿ ಸಿಲಿಕಾ, ಅಲ್ಯೂಮಿನಾ ಹೇಗೂ ಹೊಂದಿಕೊಳ್ಳುತ್ತವೆ, ಅವೆರಡೇ ಸರಾಸರಿಯನ್ನು ಮೇಲೆತ್ತುತ್ತವೆ. ತದ್ವಿರುದ್ಧವಾಗಿ ಟೈಟಾನಿಯಂ 0.06 ಮತ್ತು 0.09 ಬಂದರೆ ಭಾಗಲಬ್ಧ 0.67, ಅದು ಬರೀ ಯಂತ್ರದ ಗದ್ದಲ. ಪತ್ತೆಮಿತಿಯ ಹತ್ತಿರದ ಆಕ್ಸೈಡ್‌ಗಳನ್ನು ಲೆಕ್ಕಕ್ಕೆ ಸೇರಿಸಲೇಬೇಡಿ.

ಕಬ್ಬಿಣ–ಕ್ಯಾಲ್ಸಿಯಂ, ಪೊಟ್ಯಾಸಿಯಂ–ಕ್ಯಾಲ್ಸಿಯಂ ಚಿತ್ರಗಳಲ್ಲಿ ಪ್ರತಿ ಚೂರನ್ನೂ ಹಾಕಿ, ಪಕ್ಕದಲ್ಲಿ ಲಿಪಾರಿಯ ಹರವನ್ನು ದೋಷಪಟ್ಟಿಯಾಗಿ ತೋರಿಸಿ. ಗುಣಾಂಕಕ್ಕಿಂತ ಅದು ಹೆಚ್ಚು ಹೇಳುತ್ತದೆ. ಪ್ರಧಾನ ಘಟಕ ವಿಶ್ಲೇಷಣೆ (ಹಲವು ಧಾತುಗಳ ಅಂಕಿಗಳನ್ನು ಒಂದೆರಡು ಅಕ್ಷಗಳಿಗೆ ಇಳಿಸುವ ಲೆಕ್ಕ) ಮಾಡುವುದಾದರೆ ಲಾಗ್-ಅನುಪಾತಕ್ಕೆ ಬದಲಿಸಿಕೊಂಡು ಮಾಡಿ. ಒಟ್ಟು 100ಕ್ಕೆ ಕಟ್ಟಿಹಾಕಿದ ಅಂಕಿಗಳಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು, ಆ ಇಳಿಕೆಯನ್ನು ನಿಜವಾದ ಸಂಬಂಧ ಅಂತ ತಪ್ಪು ತಿಳಿಯುತ್ತೇವೆ.

ಮುಖ್ಯವಾಗಿ, ಹೋಲಿಸಿದ್ದು ಯಾವುದರ ಜೊತೆ? ಬರೀ ಟೋಬಾದ ಜೊತೆ ಹೋಲಿಸಿದರೆ ಉತ್ತರವೂ ಟೋಬಾ ಅಂತಲೇ ಬರುತ್ತದೆ. ಸುಮಾತ್ರದ ಇನ್ನೊಂದು ಜ್ವಾಲಾಮುಖಿ ಮಾನಿಂಜೌ ಸುಮಾರು 50 ಸಾವಿರ ವರ್ಷದ ಹಿಂದೆ ದೊಡ್ಡದಾಗಿ ಸಿಡಿದಿದೆ, ಅದೂ ರಯೋಲೈಟೇ. ಸಾಧ್ಯವಿರುವ ಎಲ್ಲ ಮೂಲಗಳನ್ನೂ ಪಟ್ಟಿ ಮಾಡಿ, ಒಂದೊಂದನ್ನೂ ಯಾವ ಧಾತುವಿನ ಆಧಾರದ ಮೇಲೆ ಹೊರಗಿಟ್ಟಿರಿ ಅಂತ ಬರೆಯಿರಿ.

ಗ್ರೀಸಿನ ಜ್ವಾಲಾಮುಖಿ ದ್ವೀಪ ಸ್ಯಾಂಟೊರಿನಿಯ ಪ್ರಕರಣ ನೆನಪಿರಲಿ. ಗ್ರೀನ್‌ಲ್ಯಾಂಡ್ ಮಂಜಿನಲ್ಲಿ ಕ್ರಿ.ಪೂ. 17ನೇ ಶತಮಾನದ ಪದರದಲ್ಲಿ ಸಿಕ್ಕ ಗಾಜಿನ ಚೂರುಗಳನ್ನು ಸ್ಯಾಂಟೊರಿನಿಯ ಮಿನೋವನ್ ಸ್ಫೋಟದ್ದು ಅಂತ ಹೇಳಿ, ಆ ಸ್ಫೋಟದ ಕಾಲವನ್ನೇ ಅದರ ಮೇಲೆ ನಿಲ್ಲಿಸುವ ಪ್ರಯತ್ನ ನಡೆಯಿತು. 2004ರಲ್ಲಿ ಅಂಕಿಗಳನ್ನು ಮತ್ತೆ ಹೋಲಿಸಿದಾಗ ಗಾಜು ಅಲಾಸ್ಕಾದ ಅನಿಯಾಕ್ಚಾಕ್‌ನದು ಅಂತ ತೋರಿತು. ಅನಿಯಾಕ್ಚಾಕ್ ಪಟ್ಟಿಯಲ್ಲೇ ಇಲ್ಲದಿದ್ದಾಗ ಅದು ಸಿಗುವುದಾದರೂ ಹೇಗೆ?

ಲೇಸರ್ ಸಮಯ ಸಿಕ್ಕರೆ: ಪ್ರೋಬ್ ಮಾಡಿದ ಅದೇ ಚೂರುಗಳ ಮೇಲೆ ಮಾಡಿ, ಇಂಗಾಲದ ಲೇಪ ಒರೆಸಿ. 20–25 ಮೈಕ್ರಾನ್ ಚುಕ್ಕೆ, ಮಾಪನಕ್ಕೆ ನಿಸ್ಟ್ 612 ಎಂಬ ಮಾನಕ ಗಾಜು, ಆಂತರಿಕ ಮಾನಕವಾಗಿ ಪ್ರೋಬ್‌ನಲ್ಲಿ ಸಿಕ್ಕ ಸಿಲಿಕಾ. ಸಂಕೇತವನ್ನು ಕಾಲದ ಎದುರು ನೋಡುತ್ತಾ ಕೂರಬೇಕು. ತೆಳು ಚೂರನ್ನು ಲೇಸರ್ ಕೆಲವೇ ಸೆಕೆಂಡಿನಲ್ಲಿ ತೂತು ಮಾಡಿ ಎಪಾಕ್ಸಿಗೆ ಇಳಿಯುತ್ತದೆ, ಅಲ್ಲಿಂದಾಚೆಯ ಭಾಗ ಕತ್ತರಿಸಿ. ನಡುವೆ ಸ್ಟ್ರಾನ್ಷಿಯಂ, ಬೇರಿಯಂ ಜಿಗಿದರೆ ಫೆಲ್ಡ್‌ಸ್ಪಾರ್, ಜಿರ್ಕೋನಿಯಂ, ಹಾಫ್ನಿಯಂ ಒಟ್ಟಿಗೆ ಜಿಗಿದರೆ ಜಿರ್ಕಾನ್. ಟೋಬಾದಲ್ಲಿ ಬೇರಿಯಂ ಗುಂಪುಗಳೇ ಗುರುತಾದ್ದರಿಂದ ಫೆಲ್ಡ್‌ಸ್ಪಾರ್‌ನ ಒಂದು ಜಿಗಿತವನ್ನು ಹೊಸ ಗುಂಪು ಅಂತ ಎಣಿಸಿಬಿಟ್ಟರೆ ಇಡೀ ಚಿತ್ರ ಕೆಡುತ್ತದೆ.

ಲೇಸರ್ ಸಿಗದಿದ್ದರೆ ಬಯೋಟೈಟ್ ಮತ್ತು ಐಸೊಟೋಪ್ ವಕ್ರರೇಖೆ ಎರಡನ್ನೂ ಗಟ್ಟಿ ಮಾಡಿಕೊಳ್ಳಿ. ಮೇಲಿನ ಪದರದ ಮಟ್ಟಿಗೆ ಅವೆರಡು ಕೂಡಿದರೆ ಸಾಕು ಅಂತ ನನ್ನ ಅಭಿಪ್ರಾಯ.

---

ಮಂಜಿನಾಳ

"ಟೋಬಾದಲ್ಲಿ ಮಾತ್ರ ಹೀಗೆ" ಅಂದುಕೊಳ್ಳಬೇಡಿ. ಐಸ್‌ಲ್ಯಾಂಡಿನ ಕಾಟ್ಲಾ ಜ್ವಾಲಾಮುಖಿ ಇದಕ್ಕಿಂತ ಕಷ್ಟ. ಅದರ ಸುಮಾರು 12,100 ವರ್ಷ ಹಳೆಯ ವೆಡ್ಡೆ ಬೂದಿ ಉತ್ತರ ಯುರೋಪಿನ ಸರೋವರಗಳಿಗೆಲ್ಲ ಕಾಲದ ಮೊಳೆ. ಆದರೆ ಕಾಟ್ಲಾ ಅದಕ್ಕೆ ಮೊದಲೂ ಆಮೇಲೂ ಅದೇ ರಸಾಯನದ ಬೂದಿಯನ್ನು ಉಗುಳಿದೆ. ಅಲ್ಲಿ ಪದರದ ಸ್ಥಾನ, ಪರಾಗ, ರೇಡಿಯೋಕಾರ್ಬನ್ ಇವೇ ಗತಿ.

ನಿಮ್ಮ ಕೋರ್‌ನಲ್ಲಿ ಕಣ್ಣಿಗೆ ಕಾಣದ ಬೂದಿಯನ್ನೂ ಹುಡುಕಿ. ಮೊದಲು ಕೋರ್‌ನುದ್ದಕ್ಕೂ ಬಿಡುವಿಲ್ಲದಂತೆ 5 ಅಥವಾ 10 ಸೆಂ.ಮೀ. ತುಂಡುಗಳು, ಮೇಲೆ ಹೇಳಿದ ಕ್ರಮದಲ್ಲೇ ಗಾಜು ತೆಗೆದು ಒಣ ಕೆಸರಿನ ಒಂದು ಗ್ರಾಂಗೆ ಎಷ್ಟು ಚೂರು ಅಂತ ಎಣಿಸಿ. ಎಣಿಕೆ ಏರಿದ ತುಂಡನ್ನು ಮಾತ್ರ 1 ಸೆಂ.ಮೀ.ಗೆ ಕತ್ತರಿಸಿ ಮತ್ತೆ ಮಾಡಿ. ಎಣಿಕೆಗೆ ಕೆಲವರು 550 ಡಿಗ್ರಿಯಲ್ಲಿ ಸುಡುತ್ತಾರೆ, ಪರವಾಗಿಲ್ಲ. ಆದರೆ ಸುಟ್ಟ ಚೂರನ್ನು ಪ್ರೋಬ್‌ಗೆ ಕೊಡಬೇಡಿ, ಅದಕ್ಕೆ ಸುಡದ ಹೊಸ ಮಾದರಿ ತೆಗೆಯಿರಿ. ಹೀಗೆ ಹುಡುಕಿದ್ದರಿಂದಲೇ ಟೋಬಾದ ಚೂರುಗಳು ಸುಮಾರು 7,000 ಕಿ.ಮೀ. ದೂರದ ಮಲಾವಿ ಸರೋವರದಲ್ಲೂ, ಸುಮಾರು 9,000 ಕಿ.ಮೀ. ದೂರದ ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್‌ನಲ್ಲೂ ಸಿಕ್ಕಿದ್ದು.

ಎಣಿಕೆಯ ಆಕಾರವನ್ನೂ ನೋಡಿ. ಬುಡದಲ್ಲಿ ಥಟ್ಟನೆ ಏರಿ ಮೇಲಕ್ಕೆ ನಿಧಾನ ಇಳಿದರೆ ಸಹಜ. ಎರಡೂ ಕಡೆ ಸಮನಾಗಿ ಹರಡಿದ್ದರೆ ಹುಳುಗಳು ಕೆದಕಿವೆ. ಮೇಲಕ್ಕೆ ಇಳಿಯದೆ ಮಂದಗತಿಯಲ್ಲಿ ಬಹುದೂರ ಮುಂದುವರಿದರೆ ಹಳೆಯ ಬೂದಿ ಬೇರೆ ಕಡೆಯಿಂದ ಕೊಚ್ಚಿ ಬರುತ್ತಲೇ ಇದೆ ಅಂತ ಅರ್ಥ, ಆ ಮೇಲಿನ ಚೂರುಗಳನ್ನು ಹೊಸ ಸ್ಫೋಟ ಅಂತ ಎಣಿಸಬೇಡಿ.

ಮಂಜಿನ ಕೋರ್‌ಗಳಲ್ಲಿ ಸಲ್ಫೇಟ್ ಏರಿಕೆಯೊಂದನ್ನೇ ಹಿಡಿದು ಸ್ಫೋಟಕ್ಕೆ ಹೆಸರಿಡುವ ಆಸೆ ದೊಡ್ಡದು. ಸಲ್ಫೇಟ್‌ಗೆ ಊರು ಕೇರಿ ಇರುವುದಿಲ್ಲ, ಗಾಜಿಗೆ ಇರುತ್ತದೆ. 1831ರ ಏರಿಕೆಯನ್ನು ಮೆಡಿಟರೇನಿಯನ್‌ನ ಫರ್ಡಿನಾಂಡಿಯಾ ಜ್ವಾಲಾಮುಖಿಗೆ ಕಟ್ಟಿದವರಿದ್ದರು. ಕೊನೆಗೆ ಮಂಜಿನಲ್ಲಿ ಸಿಕ್ಕ ಅತಿಸಣ್ಣ ಚೂರುಗಳನ್ನು ಕುರಿಲ್ ದ್ವೀಪಗಳ ಸಿಮುಶಿರ್‌ನಲ್ಲಿರುವ ಜವಾರಿಟ್ಸ್ಕಿ ಕ್ಯಾಲ್ಡೆರಾದ ಬೂದಿಗೆ ಹೊಂದಿಸಲಾಯಿತು. ಅಲ್ಲಿಂದ ಹಿಂದೆಯೇ ತಂದಿಟ್ಟಿದ್ದ ಮಾದರಿಗಳು ಇಲ್ಲದಿದ್ದರೆ ಮಂಜಿನ ಚೂರು ಎಷ್ಟು ಚೆನ್ನಾಗಿ ಅಳೆದರೂ ಅನಾಥವೇ.

---

ಕೆಸರುಕೋರ್

ಬಯೋಟೈಟ್ ಇದೆ, ಮುಳುಗಿದ ಭಾಗವನ್ನು ಎಸೆದಿಲ್ಲ. ಇನ್ನೊಂದೇ ಪ್ರಶ್ನೆ. ನಡುವಿನ ಕಪ್ಪು ಎಳೆಯನ್ನು ಇದೇ ಕ್ರಮದಲ್ಲಿ ಮಾಡಿದರೆ 2.5ರಲ್ಲಿ ಏನೂ ತೇಲಲಿಲ್ಲ. ಹಾಗಾದರೆ ಬೂದಿಯಲ್ಲ ಅಂತ ಬಿಡಬಹುದೇ?

---

ಚೂರುಗಾಜು

ಬಿಡಬೇಡಿ. ಬಸಾಲ್ಟ್ (ಸಿಲಿಕಾ ಕಡಿಮೆ, ಕಬ್ಬಿಣ ಹೆಚ್ಚಿರುವ ಶಿಲಾರಸ) ಗಾಜಿನ ಸಾಂದ್ರತೆ 2.7–2.9, ಅದು 2.5ರಲ್ಲಿ ತೇಲುವುದೇ ಇಲ್ಲ. ಮುಳುಗಿದ ಭಾಗವನ್ನು ತೊಳೆದು ಒಣಗಿಸಿ ಕಾಂತೀಯ ವಿಭಜಕದಲ್ಲಿ ಹಾಯಿಸಿ. ಬಸಾಲ್ಟ್ ಗಾಜಿನಲ್ಲಿ ಕಬ್ಬಿಣ ಹೆಚ್ಚಿರುವುದರಿಂದ ದುರ್ಬಲವಾಗಿ ಎಳೆಯುತ್ತದೆ, ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ನೇರ ಜಾರುತ್ತವೆ. ಅದಕ್ಕೂ ಮೊದಲು ಕೈಯಲ್ಲಿ ಹಿಡಿದ ಅಯಸ್ಕಾಂತದಿಂದ ಮ್ಯಾಗ್ನೆಟೈಟ್ ತೆಗೆದುಬಿಡಿ, ಇಲ್ಲದಿದ್ದರೆ ಅದು ವಿಭಜಕದಲ್ಲಿ ಗಂಟು ಕಟ್ಟುತ್ತದೆ. ಉಳಿದದ್ದನ್ನು ಸ್ಲೈಡ್‌ಗೆ ಹಾಕಿ ಕಂದು, ಗುಳ್ಳೆಯಿರುವ, ಅಡ್ಡ ಧ್ರುವಕಗಳಲ್ಲಿ ಕಪ್ಪಾಗುವ ಚೂರುಗಳಿಗಾಗಿ ನೋಡಿ. ಆಮ್ಲದ ಹಂತವನ್ನು ಈ ಎಳೆಗೆ ಇನ್ನಷ್ಟು ಚುಟುಕಾಗಿಸಿ, ಬಸಾಲ್ಟ್ ಗಾಜು ರಯೋಲೈಟ್‌ಗಿಂತ ಬೇಗ ಆಮ್ಲಕ್ಕೆ ಸೋಲುತ್ತದೆ.

ಕೋರ್ ತೆಗೆದ ಜಾಗ ಅಂಡಮಾನ್ ಕಡೆಗಿದ್ದರೆ ಹೋಲಿಕೆಯ ಪಟ್ಟಿಯಲ್ಲಿ ಮೊದಲು ಅಲ್ಲಿನ ಜ್ವಾಲಾಮುಖಿ ಬ್ಯಾರನ್ ದ್ವೀಪದ ಬಸಾಲ್ಟ್ ಇರಲಿ. ಪ್ರೋಬ್‌ನಲ್ಲಿ ಇದಕ್ಕೆ ಲಿಪಾರಿ ಮಾನಕ ಕೆಲಸಕ್ಕೆ ಬಾರದು, ಬಿಸಿಆರ್-2ಜಿಯಂಥ ಬಸಾಲ್ಟ್ ಗಾಜನ್ನು ಮಾನಕವಾಗಿ ಇಟ್ಟುಕೊಳ್ಳಿ.